ಮುಂಭಾರದ ಲೆಕ್ಕ

ಇಟಗಿಯ ಮಹಾದೇವ ಗುಡಿಯನ್ನು 1112ರ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಅಲ್ಲಿನ ಕಂಬಗಳ ನುಣುಪು, ತಿರುಗಿಸಿ ಕಡೆದ ಕಲ್ಲಿನದು. ಅದೇ ಸೀಮೆಯ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ಮೊನ್ನೆ ನಾನು ಬೆರಗಾಗಿ ನಿಂತದ್ದು ಮಾತ್ರ ಬೈಕ್ ಸಾಗಿಸುವ ಪುಟ್ಟ ಟ್ರೇಲರ್ ಕಂಡು.

ಸಾಮಾನು ಹೆಚ್ಚೇನಿಲ್ಲ. ಕಬ್ಬಿಣದ ಚಾನೆಲ್, ಹಳೆಯ ಕಾರಿನ ಎರಡು ಗಾಲಿ, ಪಾಟಾ ಸ್ಪ್ರಿಂಗ್, ಲೇತಿನಲ್ಲಿ ಕಡೆಸಿದ ಅಚ್ಚು. ಚೌಕಟ್ಟಿಗೆ ಮೊದಲು ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿದರು. ಆಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದರು. ಎರಡೂ ಓರೆ ಅಳತೆ ಸರಿಸಮ ಬಂದ ಮೇಲೆಯೇ ಪೂರ್ತಿ ಬೆಸುಗೆ. ತುಸು ತಪ್ಪಿದರೂ ಗಾಡಿ ಓರೆಯಾಗಿ ಓಡಿ ಟೈರು ತಿನ್ನುತ್ತದೆ.

ನಿಜವಾದ ಜಾಣ್ಮೆ ಅಚ್ಚಿನ ಜಾಗದಲ್ಲಿದೆ. ಅದು ನಟ್ಟನಡುವೆ ಕೂಡದು, ತುಸು ಹಿಂದಿರಬೇಕು. ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕು.

“ಮುಂಭಾರ ಇರಬೇಕ್ರಿ ಅಣ್ಣಾರ. ಹಿಂಭಾರ ಆತಂದ್ರ ಬಾಲ ಅಳ್ಳಾಡಸ್ತೈತಿ,” ಎಂದ ಅಂಗಡಿಯ ಹುಡುಗ.

ಯಾವ ಪುಸ್ತಕದ ಪಾಠವೂ ಅಲ್ಲ ಅದು. ಬಂಡಿಗೆ ಮೇವು ಹೇರುತ್ತಿದ್ದ ಅಜ್ಜಂದಿರ ಲೆಕ್ಕ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳಿಗೆ ಜತ್ತಿಗೆ ಬಿಗಿಯುತ್ತದೆ.

ಬೈಕಿನ ಮುಂಗಾಲಿಗೆ ತೊಟ್ಟಿಲಂಥ ಕಚ್ಚು. ನಾಲ್ಕು ಮೂಲೆಗೆ ನಾಲ್ಕು ಪಟ್ಟಿ, ಶಾಕ್ ಅಬ್ಸಾರ್ಬರ್ ಅರ್ಧ ಕುಗ್ಗುವಷ್ಟು ಬಿಗಿತ. ಕೊಂಡಿ ಕಳಚಿದರೂ ಕೈಬಿಡದ ಸರಪಳಿ. ರಸ್ತೆಗಿಳಿಸಲು ನೋಂದಣಿ ಬೇಕು, ಹಿಂದೆ ಕೆಂಪು ದೀಪವೂ ಬೇಕು.

ಬಣ್ಣ ಇನ್ನೂ ಹಸಿಯಿತ್ತು. ಹುಡುಗ ಮೂಕಿಯನ್ನು ಒಂದೇ ಕೈಯಲ್ಲೆತ್ತಿ ನಕ್ಕ. ಲೆಕ್ಕ ಸರಿಯಿತ್ತು.