ಪಾಯದಲ್ಲಿ ಸಿಕ್ಕವರು

ಪ್ರಾಚೀನ ಅವಶೇಷ ಉಳಿಸಿ ಅನ್ನುವವರನ್ನು ಕಂಡರೆ ನಮಗೆ ಮೊದಲಿಂದಲೂ ಗುಮಾನಿ. ಅವರು ಉಳಿಸಲು ಹೊರಡುವುದು ಅರಸನ ಕೋಟೆ, ಅಗ್ರಹಾರದ ಗುಡಿ. ಕಲ್ಲು ಹೊತ್ತವನ ಗೋರಿ ಅವರ ಪಟ್ಟಿಯಲ್ಲಿ ಇರೋದಿಲ್ಲ. ಅದಕ್ಕೇ ನ್ಯೂಯಾರ್ಕಿನ ಆಫ್ರಿಕನ್ ಸ್ಮಶಾನದ ಕತೆ ನಮ್ಮನ್ನು ಹಿಡಿದು ನಿಲ್ಲಿಸಿತು.

1991ರಲ್ಲಿ ಆ ನಗರದ ನಡುಮಧ್ಯೆ, ಬ್ರಾಡ್‌ವೇ ಬೀದಿಯಲ್ಲಿ, 34 ಅಂತಸ್ತಿನ ಸರ್ಕಾರಿ ಕಚೇರಿಗೆ ಪಾಯ ತೋಡುವಾಗ ಮೂಳೆಗಳು ಸಿಕ್ಕವು. ಆಕಸ್ಮಿಕವೇನಲ್ಲ. 1755ರ ನಕಾಶೆಯಲ್ಲೇ ಅಲ್ಲಿ ನೀಗ್ರೋಗಳ ಸ್ಮಶಾನ ಅಂತ ಬರೆದಿತ್ತು. ಅಧಿಕಾರಿಗಳಿಗೂ ಗೊತ್ತಿತ್ತು. ಹಳೇ ಕಟ್ಟಡಗಳ ನೆಲಮಾಳಿಗೆಗಳು ಎಲ್ಲವನ್ನೂ ನುಂಗಿರಬೇಕು ಅಂದುಕೊಂಡರು. ಆದರೆ ಅದು ತಗ್ಗು ಜಾಗ. ಮಟ್ಟ ಮಾಡಲು ಹಿಂದಿನವರು ಕೆಲವು ಕಡೆ 25 ಅಡಿವರೆಗೂ ಮಣ್ಣು ತುಂಬಿದ್ದರು. ಆ ಮಣ್ಣೇ ಸತ್ತವರನ್ನು ಕಾಪಾಡಿತ್ತು.

ಯಾರವರು? ಆ ಊರು ಕಟ್ಟಿದ ಗುಲಾಮರು. 1697ರಲ್ಲಿ ಟ್ರಿನಿಟಿ ಚರ್ಚು ತನ್ನ ಅಂಗಳದಲ್ಲಿ ಕಪ್ಪು ಜನರನ್ನು ಹೂಳಕೂಡದು ಅಂದಿತು. ಊರಾಚೆ ಹೋದರು. ಕಾನೂನು ಅಲ್ಲಿಗೂ ಬಂತು: ರಾತ್ರಿ ಹೂಳಬಾರದು, ಹೆಣದ ಹಿಂದೆ 12 ಜನಕ್ಕಿಂತ ಹೆಚ್ಚು ಹೋಗಬಾರದು. ನಮ್ಮ ಕೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 419 ಜನರ ಅವಶೇಷ ಹೊರಬಂತು. ಹತ್ತಿರ ಹತ್ತಿರ ಅರ್ಧ ಮಕ್ಕಳು. ಒಬ್ಬ ಹೆಂಗಸಿನ ಪಕ್ಕೆಲುಬಲ್ಲಿ ಬಂದೂಕಿನ ಗುಂಡು. ಇನ್ನೊಬ್ಬಳ ಸೊಂಟದಲ್ಲಿ ಮಣಿಸರ. ಮೂಳೆಗಳ ಮೇಲೆ ಮಿತಿಮೀರಿ ಹೊತ್ತ ಹೊರೆಯ ಗುರುತು. ಯಾವ ರಾಜನ ಶಾಸನ ಇಷ್ಟು ನಿಜ ಹೇಳೀತು?

ಆದರೂ ಕೆಲಸ ನಿಲ್ಲಲಿಲ್ಲ. ಕಟ್ಟಡದ ಗಡುವು ನೋಡಿಕೊಂಡು ಮೂಳೆ ಎತ್ತುತ್ತಿದ್ದರು. ಕಪ್ಪು ಜನ ಬೀದಿಗಿಳಿದರು, ಅವರ ಪ್ರತಿನಿಧಿಗಳು ಸಂಸತ್ತಿನಲ್ಲಿ ಜಗ್ಗಿ ಕೂತರು. 1992ರ ಜುಲೈನಲ್ಲಿ ಅಗೆತ ನಿಂತಿತು. ಕಪ್ಪು ಜನರ ಹೋವರ್ಡ್ ವಿಶ್ವವಿದ್ಯಾಲಯ ಮೈಕೆಲ್ ಬ್ಲೇಕಿಯವರ ಮುಂದಾಳತನದಲ್ಲಿ ಅಧ್ಯಯನ ನಡೆಸಿತು. ಆ ಮೂಳೆಗಳಿಂದ ಏನು ತಿಳಿಯಬೇಕು ಅನ್ನೋದನ್ನು ಸತ್ತವರ ಸಂತತಿಯವರ ಜೊತೆ ಕೂತೇ ಗೊತ್ತುಮಾಡಿದರು. ನಮ್ಮ ಕಡೆ ದಿಬ್ಬ ಅಗೆಯುವವರು ಕೇರಿಯವರನ್ನು ಕೂಲಿಗೆ ಕರೆದದ್ದುಂಟು; ಪ್ರಶ್ನೆ ಕೇಳಿ ಅಂತ ಕರೆದದ್ದನ್ನು ನಾವು ಕಂಡಿಲ್ಲ.

2003ರ ಅಕ್ಟೋಬರಿನಲ್ಲಿ ಅಷ್ಟೂ ಜನರನ್ನು ಘಾನಾದಲ್ಲಿ ಕೆತ್ತಿಸಿದ ಪೆಟ್ಟಿಗೆಗಳಲ್ಲಿಟ್ಟು ಅಲ್ಲೇ ಮತ್ತೆ ಮಣ್ಣು ಮಾಡಿದರು. ವಾಷಿಂಗ್ಟನ್ನಿನಿಂದ ಊರೂರು ಹಾದುಬಂದ ಆ ಮೆರವಣಿಗೆಯಲ್ಲಿ 12ರ ಲೆಕ್ಕ ಹಿಡಿಯುವವರು ಯಾರೂ ಇರಲಿಲ್ಲ.

ಇನ್ನು ಸ್ಮಾರಕ. ರಾಡ್ನಿ ಲಿಯಾನ್ ರೂಪಿಸಿದ್ದು, 2007ರಲ್ಲಿ ತೆರೆದದ್ದು. ನಾವು ನೋಡಿರೋದು ಚಿತ್ರಗಳಲ್ಲಿ ಮಾತ್ರ. ಅದರ ದೊಡ್ಡ ಗುಣ ಅಂದ್ರೆ ಅಲ್ಲಿ ಗೌರವಕ್ಕೆ ಮೆಟ್ಟಿಲು ಹತ್ತಬೇಕಾಗಿಲ್ಲ, ನೆಲದ ಮಟ್ಟದಿಂದ ಕೆಳಕ್ಕೆ ಇಳಿಯಬೇಕು. ಆದರೆ ಆ ಗ್ರಾನೈಟು ತೀರಾ ನಯ. ಗುಂಡು ತಿಂದ ಹೆಂಗಸಿನ ಸಿಟ್ಟು ಅದರ ಮೇಲೆ ನಿಲ್ಲದೆ ಜಾರಿಹೋಗುತ್ತೆ. ಸ್ಮಶಾನ 6.6 ಎಕರೆ; ಸ್ಮಾರಕಕ್ಕೆ ಸಿಕ್ಕಿದ್ದು ಅರ್ಧ ಎಕರೆಯೂ ಅಲ್ಲ. ಅಲ್ಲಿ ಮಣ್ಣಾದವರು 15,000 ಇರಬಹುದು ಅಂತ ಅಂದಾಜು. ಅವರ ಮೇಲೆ ಬೀದಿ, ಕಚೇರಿ, ಅಂಗಡಿ. ಕೈಬಿಟ್ಟದ್ದು ಕಚೇರಿಗೆ ಅಂಟಿಸಿ ಕಟ್ಟಬೇಕಿದ್ದ ನಾಲ್ಕಂತಸ್ತಿನ ಭಾಗವನ್ನು ಮಾತ್ರ. ಸ್ಮಾರಕ ಇರೋದು ಆ ಜಾಗದಲ್ಲಿ. ಮಿಕ್ಕ 34 ಅಂತಸ್ತು ಅದರ ಮಗ್ಗುಲಲ್ಲೇ ಎದ್ದು ನಿಂತಿದೆ.