ಕಿವಿಯಿಲ್ಲದ ಪಕ್ಕವಾದ್ಯ

ಶಿಕಾರಿಪುರದ ಕಡೆಯ ಒಂದು ಗಣಪತಿ ಪೆಂಡಾಲು. ಮಂಗಳಾರತಿ ಮುಗಿದು ಪ್ರಸಾದ ಹಂಚಿಯಾಗಿತ್ತು. ಹಿಂದೆಲ್ಲ ಇಂಥ ರಾತ್ರಿ ಆರ್ಕೆಸ್ಟ್ರಾ ಕರೆಸುತ್ತಿದ್ದರು. ಈಗ ಒಂದು ಸ್ಪೀಕರು, ಒಂದು ಮೈಕು, ಮೊಬೈಲಿನಲ್ಲಿ ಕರೋಕೆ ಟ್ರ್ಯಾಕು ಇದ್ದರೆ ಸಾಕು. ಸರದಿ ಬಂದಾಗ ಹೆಂಗಸೊಬ್ಬರು ಸೆರಗು ಸರಿಮಾಡಿಕೊಂಡು ‘ಕಾಣದ ಕಡಲಿಗೆ’ ಎತ್ತಿಕೊಂಡರು. ಪಲ್ಲವಿ ಚೆನ್ನಾಗಿಯೇ ಬಂತು. ಚರಣದಲ್ಲಿ ಒಂದು ಮಾತಿನ ಮೇಲೆ ತುಸು ತಡೆದರು. ಆ ಮಾತು ಅವರಿಗೆ ನಾಟಿತ್ತು. ಟ್ರ್ಯಾಕು ತಡೆಯಲಿಲ್ಲ. ಪರದೆಯ ಮೇಲಿನ ಅಕ್ಷರಗಳು ಬಣ್ಣ ಬದಲಿಸುತ್ತ ಮುಂದಿನ ಸಾಲಿಗೆ ಹೋದವು. ಅವರು ಸಾಲಿನ ಕೊನೆಯನ್ನು ನುಂಗಿಕೊಂಡು, ಏದುಸಿರು ಬಿಡುತ್ತ ಅದನ್ನು ಹಿಂಬಾಲಿಸಿದರು.

ನನಗೆ ಸಂಕಟವಾಯಿತು. ಆ ಹಾಡಿನ ಕವಿ ಇದೇ ತಾಲ್ಲೂಕಿನವರು. 1942ರಲ್ಲಿ ತಾನೇ ಸ್ವತಂತ್ರವೆಂದು ಸಾರಿಕೊಂಡ ಊರು ಎಂದು ನಾಡಿಗೆಲ್ಲ ಗೊತ್ತಿರುವ ಈಸೂರಿನಲ್ಲೇ ಜಿ.ಎಸ್. ಶಿವರುದ್ರಪ್ಪನವರು 1926ರ ಫೆಬ್ರುವರಿ 7ರಂದು ಹುಟ್ಟಿದ್ದು. ಕಡಲು ಕಾಣದ ಸೀಮೆ ಇದು. ಇಲ್ಲಿ ಹರಿಯುವುದು ಕುಮುದ್ವತಿ, ಅದೂ ತುಂಗಭದ್ರೆಗೆ ಸೇರುವ ಹೊಳೆ. ಕಾಡಿನ ಸೊಟ್ಟ ದಾರಿಗಳಲ್ಲಿ ಹರಿಯುವ ತೊರೆಯೊಂದು ಎಂದೂ ನೋಡದ ಕಡಲನ್ನು ನೆನೆದು, ಅಲ್ಲಿಗೆ ಮುಟ್ಟಿಯೇನೇ ಎಂದು ಕೇಳಿಕೊಳ್ಳುವುದು ಆ ಕವಿತೆಯ ಜೀವ. ಸಿ. ಅಶ್ವಥ್ ಅದಕ್ಕೆ ಹಾಕಿದ ರಾಗ ಆ ಸಂಶಯವನ್ನು ಅವಸರಪಡಿಸುವುದಿಲ್ಲ. ಅಲ್ಲಿ ಉಸಿರು ತಪ್ಪಿದರೆ ಕವಿತೆಯೇ ತಪ್ಪುತ್ತದೆ.

ಹಾಗೆಂದು ಕರೋಕೆಯನ್ನು ಹಳಿಯುವ ಮನಸ್ಸು ನನಗಿಲ್ಲ. ಆರ್ಕೆಸ್ಟ್ರಾದ ಕಾಲದಲ್ಲಿ ಮೈಕು ಹಾಡುಗಾರರದ್ದು, ಊರಿನವರದ್ದು ಬರೀ ಚಪ್ಪಾಳೆ. ತಬಲದವರನ್ನೂ ಕೀಬೋರ್ಡಿನವರನ್ನೂ ಕರೆಸಲು ದುಡ್ಡು ಬೇಕಿತ್ತು. ಈಗ ಅಡಿಕೆ ಸುಲಿದು ಬಂದವರು, ಅಂಗಡಿ ಬಾಗಿಲು ಹಾಕಿ ಬಂದವರು, ಸೊಸೆಯ ಮುಂದೆ ಹಾಡಲು ನಾಚುತ್ತಿದ್ದ ಅತ್ತೆಯರು ಎಲ್ಲರೂ ಹಾಡುತ್ತಾರೆ. ಇದು ಸಣ್ಣ ಮಾತಲ್ಲ. ದಶಕಗಳಿಂದ ಅಡುಗೆಮನೆಯಲ್ಲೇ ಉಳಿದಿದ್ದ ಎಷ್ಟೋ ದನಿಗಳನ್ನು ಕರೋಕೆ ಪೆಂಡಾಲಿಗೆ ತಂದಿದೆ. ನನ್ನ ತಕರಾರು ಒಂದೇ: ಈ ಪಕ್ಕವಾದ್ಯಕ್ಕೆ ಕಿವಿಯಿಲ್ಲ.

ವಿಚಿತ್ರವೆಂದರೆ ಕರೋಕೆ ಹುಟ್ಟಿದ್ದೇ ಕಿವಿಯಿಂದ. ಜಪಾನಿನ ಕೋಬೆಯಲ್ಲಿ ಇನೊಉಎ ದೈಸುಕೆ ಎಂಬ ವಾದಕ ಮದ್ಯದಂಗಡಿಗಳಲ್ಲಿ ಗಿರಾಕಿಗಳ ಹಾಡಿಗೆ ನುಡಿಸಿ ಬದುಕುತ್ತಿದ್ದ. ತಾಳ ತಪ್ಪುವವರ ಜೊತೆಗೂ ಹೊಂದಿಕೊಂಡು ನುಡಿಸುವುದು ಅವನಿಗೆ ಸಿದ್ಧಿಸಿತ್ತು. ಒಬ್ಬ ಗಿರಾಕಿ ಪ್ರವಾಸಕ್ಕೆ ಜೊತೆಗೆ ಬಾ ಎಂದಾಗ ಹೋಗಲಾಗದೆ, ಆ ಮನುಷ್ಯನ ದನಿಗೂ ನಡೆಗೂ ಒಗ್ಗುವಂತೆ ನುಡಿಸಿ ಟೇಪು ಮಾಡಿಕೊಟ್ಟ. 1971ರಲ್ಲಿ ಅವನು ಮಾಡಿದ ಯಂತ್ರಕ್ಕೆ ಇದೇ ಬೀಜ. ‘ಕರೋಕೆ’ ಎಂದರೆ ಬರಿದಾದ ಆರ್ಕೆಸ್ಟ್ರಾ. ಒಬ್ಬನ ನಡೆಗೆ ಹೊಲಿದ ಅಂಗಿ ಆ ಮೊದಲ ಟೇಪು. ಈಗ ಎಲ್ಲರೂ ಅದೇ ಅಳತೆಗೆ ಮೈ ಕುಗ್ಗಿಸಿಕೊಳ್ಳಬೇಕಾಗಿದೆ.

ನಮ್ಮ ಸುಗಮ ಸಂಗೀತ ಬೆಳೆದ ಬಗೆ ಇದಕ್ಕೆ ಎದುರು. ಪಿ. ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿ, ಅಶ್ವಥ್‌ವರೆಗೆ ಭಾವಗೀತೆ ಮೊದಲು ಬೆಳೆದದ್ದು ಕೂತು ಕೇಳುವ ಸಭೆಗಳಲ್ಲಿ. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟು ಅದನ್ನು ಮನೆಮನೆಗೆ ಮುಟ್ಟಿಸಿತು. ವೇದಿಕೆಯ ಮೇಲೆ ಹಾಡುಗಾರ ಒಂದು ಪದವನ್ನು ಮತ್ತೆ ಹೇಳಬೇಕೆನ್ನಿಸಿದರೆ ಹೇಳುತ್ತಾನೆ. ತಬಲದವರು ಅವನ ಮುಖ ನೋಡಿ ಇನ್ನೊಂದು ಆವರ್ತ ಕಾಯುತ್ತಾರೆ. ಆ ಕಾಯುವಿಕೆಯಲ್ಲೇ ಕವಿತೆ ಕೇಳುಗರ ಮನಸ್ಸಿಗೆ ಇಳಿಯುವುದು. ಟ್ರ್ಯಾಕು ಕಳೆಯುವುದು ಇದನ್ನೇ.

ಕರೋಕೆಯಲ್ಲೂ ಭಾವವನ್ನು ಉಳಿಸಿಕೊಂಡವರಿದ್ದಾರೆ. ಜಪಾನಿನವರು ಕರೋಕೆಯಲ್ಲಿ ಮನಸಾರೆ ಹಾಡುವ ‘ಎಂಕಾ’ ನಮ್ಮ ಭಾವಗೀತೆಗೆ ದೂರದ ನಂಟು. ಬಿಟ್ಟುಬಂದ ಊರು, ಬಂದರು, ಅಗಲಿಕೆ ಅದರ ವಸ್ತು. ಇಶಿಕಾವಾ ಸಯುರಿ 1977ರಲ್ಲಿ ಹಾಡಿದ ತ್ಸುಗಾರು ಜಲಸಂಧಿಯ ಹಾಡಿನಲ್ಲಿ ಹೆಣ್ಣೊಬ್ಬಳು ರಾತ್ರಿ ರೈಲಿಳಿದು, ಚಳಿಯಲ್ಲಿ ದೋಣಿ ಹತ್ತಿ, ಎಲ್ಲವನ್ನೂ ಹಿಂದೆ ಬಿಟ್ಟು ಹೋಗುತ್ತಾಳೆ. ಇಂಥ ಹಾಡನ್ನು ಬಲ್ಲವರು ಹಾಡುವಾಗ ತಾಳದ ಬೆನ್ನು ಹತ್ತುವುದಿಲ್ಲ. ದನಿಯನ್ನು ಅರ್ಧ ಹೆಜ್ಜೆ ಹಿಂದೆ ಹಿಡಿದು, ಗಮಕದಂಥ ಬಳುಕಿನಲ್ಲಿ ತಿರುಗಿಸಿ, ಸಾಲು ಮುಗಿಯುವ ಹೊತ್ತಿಗೆ ತಾಳಕ್ಕೆ ಬಂದು ಕೂಡುತ್ತಾರೆ. ಆ ಬಳುಕನ್ನೂ ಎಣಿಸಿ ಅಂಕ ಕೊಡುವ ಯಂತ್ರಗಳು ಅಲ್ಲಿವೆ. ಬಳುಕು ಎಷ್ಟೆಂದು ಯಂತ್ರ ಹೇಳೀತು, ಯಾಕೆಂದು ಹೇಳಲಾರದು. ಆದರೂ ಈ ಅರ್ಧ ಹೆಜ್ಜೆಯ ತಾಳ್ಮೆ ನಮ್ಮವರು ಕಲಿಯಬೇಕಾದ ವಿದ್ಯೆ.

ಯಾವ ಹಾಡು ಟ್ರ್ಯಾಕಿಗೆ ಒಗ್ಗುತ್ತದೆ ಎಂಬುದನ್ನೂ ತೂಗಿ ನೋಡಬೇಕು. ಶಿವರುದ್ರಪ್ಪನವರದ್ದೇ ಆದ ‘ಹಾಡು ಹಳೆಯದಾದರೇನು’ ಸಲೀಸಾಗಿ ಒಗ್ಗುತ್ತದೆ. ಪುಟ್ಟಣ್ಣ ಕಣಗಾಲರ ‘ಮಾನಸ ಸರೋವರ’ಕ್ಕೆ ವಿಜಯಭಾಸ್ಕರ್ ಸಂಗೀತದಲ್ಲಿ ವಾಣಿ ಜಯರಾಂ ಹಾಡಿದ್ದು ಅದು. ಸಿನಿಮಾಕ್ಕೆಂದೇ ವಾದ್ಯಗಳ ಅಳತೆಯಲ್ಲಿ ಕಟ್ಟಿದ್ದರಿಂದ ಉಸಿರಿನ ಜಾಗಗಳು ಮೊದಲೇ ಗೊತ್ತಾಗಿವೆ. ಹೊಸಬರು ಅದರಿಂದ ಶುರುಮಾಡಲಿ. ‘ಕಾಣದ ಕಡಲಿಗೆ’ ಅಷ್ಟು ಸುಲಭವಲ್ಲ. ಅಶ್ವಥ್‌ರ ಶ್ರುತಿಯಲ್ಲೇ ಇರುವ ಟ್ರ್ಯಾಕು ಹೆಂಗಸರ ಗಂಟಲಿಗೆ ಕೂರುವುದಿಲ್ಲ. ಶ್ರುತಿ ಬದಲಿಸುವ, ನಡೆ ನಿಧಾನಿಸುವ ಸೌಲಭ್ಯ ಈಗ ಮೊಬೈಲಿನಲ್ಲೇ ಇದೆ. ಮೊದಲೇ ಮನೆಯಲ್ಲಿ ಹೊಂದಿಸಿಕೊಂಡು ಬಂದರೆ ಅರ್ಧ ತೊಂದರೆ ತಪ್ಪೀತು.

ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು’ ಮಾತ್ರ ಟ್ರ್ಯಾಕಿಗೆ ಸಲ್ಲದ್ದು. ಹಾಡುವವನಿಗೂ ಕೇಳುವವರಿಗೂ ನಡುವೆ ಇರುವುದೇನು ಎಂಬುದೇ ಅದರ ವಿಷಯ. ಅಂದು ಕೇಳಿದವರಿದ್ದರು, ಇಂದು ಯಾರು ಕಿವಿ ಮುಚ್ಚಿಕೊಂಡರೂ ಹಾಡುವುದು ನನ್ನ ಪಾಲಿನ ಕೆಲಸ ಎನ್ನುವ ಆ ದನಿಗೆ ಎದುರಿನ ಮೌನವೇ ಪಕ್ಕವಾದ್ಯ. ಆ ಮೌನದ ತುಂಬ ಟ್ರ್ಯಾಕಿನ ಸದ್ದು ಸುರಿದರೆ ಹೇಳುವ ಮಾತಿಗೆ ಜಾಗವೆಲ್ಲಿ?

ಪೆಂಡಾಲಿನ ಆ ರಾತ್ರಿ ಹಾಡು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, “ಅದನ್ನ ಬಂದ್ ಮಾಡು ತಂಗಿ. ಬರೀ ಬಾಯಲ್ಲಿ ಇನ್ನೊಂದ್ ಸಲ ಹೇಳು” ಎಂದರು. ಆಕೆ ಅನುಮಾನಿಸುತ್ತಲೇ ಎತ್ತಿಕೊಂಡರು. ಶ್ರುತಿ ಅಲ್ಲಲ್ಲಿ ಜಾರಿತು, ನಿಜ. ಆದರೆ ಮೊದಲ ಸಲ ನುಂಗಿಕೊಂಡ ಸಾಲು ಈಗ ಪೂರ್ತಿ ಬಂತು. ಮುಂದಿನ ಸಾಲಿಗೆ ಅವರು ಹೋಗಿದ್ದು ತಮಗೆ ಹೋಗಬೇಕೆನ್ನಿಸಿದಾಗ. ಅಷ್ಟು ಹೊತ್ತು ಮಾತಾಡುತ್ತ ಕೂತಿದ್ದವರು ಸುಮ್ಮನಾದರು.

ಸ್ಪೀಕರು ಬೇಡವೆಂದು ನಾನು ಹೇಳಲಾರೆ. ಆಕೆಗೆ ಮೈಕು ಹಿಡಿಯುವ ಧೈರ್ಯ ಬಂದದ್ದೇ ಅದರಿಂದ. ಪ್ರತಿ ಕರೋಕೆ ರಾತ್ರಿಯಲ್ಲೂ, ಈ ಕವಿಯ ಸೀಮೆಯಲ್ಲಂತೂ, ಒಂದು ಹಾಡನ್ನಾದರೂ ಟ್ರ್ಯಾಕಿಲ್ಲದೆ ಹೇಳಿಸೋಣ ಎಂದಷ್ಟೇ ನನ್ನ ಕೋರಿಕೆ. ಆಗ ಪಕ್ಕವಾದ್ಯದ ಕೆಲಸ ಕೂತವರದ್ದಾಗುತ್ತದೆ. ಹಾಡುವವರು ನಿಂತಲ್ಲಿ ಅವರೂ ನಿಲ್ಲುತ್ತಾರೆ.