ಬಳಿದ ಸುಕ್ಕು

ಶಾಲೆಯ ಕ್ರೀಡಾದಿನದಂದು ಶಿಕ್ಷಕಿಯರಿಗೆ ಮ್ಯೂಸಿಕಲ್ ಚೇರ್ ಆಡಿಸಿ ಕೈತೊಳೆದುಕೊಳ್ಳುವುದನ್ನು ವರ್ಷವರ್ಷವೂ ಕಂಡ ನನಗೆ 2019ರ ಹಿಂದಿ ಚಿತ್ರ 'ಸಾಂಡ್ ಕೀ ಆಂಖ್' ಹಿಡಿಸಬೇಕಿತ್ತು. ಹಿಡಿಸಿತು, ಅರ್ಧ.

ಉತ್ತರ ಪ್ರದೇಶದ ಜೋಹ್ರಿ ಹಳ್ಳಿಯ ಓರಗಿತ್ತಿಯರಾದ ಚಂದ್ರೋ ಮತ್ತು ಪ್ರಕಾಶಿ ತೋಮರ್ ಅರವತ್ತು ದಾಟಿದ ಮೇಲೆ ಪಿಸ್ತೂಲು ಹಿಡಿದು ಪದಕ ಗೆದ್ದವರು. 1999ರಲ್ಲಿ ಮೊಮ್ಮಗಳಿಗೆ ಜೊತೆಯಾಗಿ ಹೋದ ಚಂದ್ರೋ ತಾವೂ ಗುರಿಯಿಟ್ಟರು. ಕೈ ನಡುಗದಿರಲೆಂದು ನೀರು ತುಂಬಿದ ಜಗ್ಗು ಹಿಡಿದು ಮನೆಯಲ್ಲೇ ಅಭ್ಯಾಸ ಮಾಡಿದರು. ಬಾವಿಯಿಂದ ಕೊಡ ಸೇದಿದ ತೋಳಿಗೆ ಅದೇನು ಮಹಾ ಅನ್ನಿಸೀತು ನಿಮಗೆ! ಗಂಡಸರ ಕಣ್ಣು ತಪ್ಪಿಸಿ ಪಂದ್ಯಕ್ಕೆ ಹೋಗುವ ಭಾಗಗಳು ಸೊಗಸಾಗಿವೆ.

ಆದರೆ ಅಜ್ಜಿಯರಾದವರು ಆಗಿನ್ನೂ ಮೂವತ್ತರ ಆಸುಪಾಸಿನ ತಾಪ್ಸಿ ಪನ್ನು, ಭೂಮಿ ಪೆಡ್ನೇಕರ್. ಕೂದಲಿಗೆ ಬಿಳಿ, ಮುಖಕ್ಕೆ ಬಳಿದ ಸುಕ್ಕು. ನಟನೆಯಲ್ಲಿ ಶ್ರದ್ಧೆಯಿದೆ, ಅಲ್ಲಗಳೆಯಲಾರೆ. ಆದರೂ ಮಂಡಿನೋವಿನವಳು ನೆಲದಿಂದ ಹೇಗೆ ಏಳುತ್ತಾಳೆಂದು ಐವತ್ತು ದಾಟಿದ ನಮಗೆ ಗೊತ್ತಿಲ್ಲವೇ? ಮುದುಕಿ ಸ್ಪರ್ಧೆಗಿಳಿಯಬಲ್ಲಳು ಎಂದು ಸಾರುವ ಚಿತ್ರಕ್ಕೆ, ವಯಸ್ಸಾದ ನಟಿಯನ್ನು ಕ್ಯಾಮೆರಾದ ಮುಂದೆ ನಿಲ್ಲಿಸುವ ಧೈರ್ಯವಾಗಲಿಲ್ಲ. ನಮ್ಮ ವಯಸ್ಸಿನ ಪಾತ್ರಗಳನ್ನಾದರೂ ನಮಗೆ ಕೊಡಿರೆಂದು ನಟಿ ನೀನಾ ಗುಪ್ತಾ ಆಗಲೇ ಕೇಳಿದ್ದರು. ಅವರಿಗಾಗ 60 ವರ್ಷ.